ಪಟ್ಟಿಯಲ್ಲಿ ಬಾರದ ವರ್ಷಗಳು

ದಾಂಡೇಲಿಯಲ್ಲಿ ಡಿಸೆಂಬರಿನ ಬೆಳಗು ತಡವಾಗಿ ಆಗುತ್ತದೆ. ಕಾಳಿ ನದಿಯ ಮೇಲಿನ ಮಂಜು ಕರಗಿ ಕಾಗದ ಕಾರ್ಖಾನೆಯ ಚಿಮಣಿ ಕಣ್ಣಿಗೆ ಬೀಳುವಷ್ಟರಲ್ಲಿ ಗಂಟೆ ಎಂಟಾಗಿರುತ್ತದೆ. 2024ರ ಡಿಸೆಂಬರಿನ ಅಂಥದೊಂದು ಭಾನುವಾರ ನಾನು ಅಂಗಳದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ ತಾಯಿ, ಮಗಳು ಇಬ್ಬರು ಗೇಟು ತೆರೆದು ಒಳಗೆ ಬಂದರು. ಮಗಳು ನನ್ನ ಹಳೆಯ ವಿದ್ಯಾರ್ಥಿನಿ. 2019ರಲ್ಲಿ ನಾನು ನಿವೃತ್ತನಾದಾಗ ಒಂಬತ್ತನೆಯ ತರಗತಿ ಮುಗಿಸಿದ್ದವಳು, ಈಗ ಎಂಜಿನಿಯರಿಂಗ್ ಮೂರನೆಯ ವರ್ಷ. ತಾಯಿಯ ಮುಖದಲ್ಲಿ ದೂರು, ಮಗಳ ಕೈಯಲ್ಲಿ ಒಂದು ನೋಟ್‌ಬುಕ್ಕು. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವನಿಗೆ ಈ ಜೋಡಿಯ ಅರ್ಥ ತಿಳಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

“ಸರ್, ನೀವಾದ್ರೂ ಒಂದಿಷ್ಟು ಬುದ್ಧಿ ಹೇಳ್ರಿ,” ಎಂದರು ತಾಯಿ. “ರಾತ್ರಿ ಎರಡರ ತನಕ ದೀಪ ಆರಿಸೂದಿಲ್ಲ. ಓದ್ತಾಳ ಅಂತ ನಾವು ತಿಳಕೊಂಡ್ರ ಕತಿ ಬರೀಲಿಕ್ಕೆ ಹತ್ಯಾಳ. ಅದೂ ಎಂಥ ಕತಿ? ಮುಂದಿನ ನೂರು ವರ್ಷದ್ದು! ಬರೂ ವರ್ಷ ಕ್ಯಾಂಪಸ್ ಇಂಟರ್‌ವ್ಯೂ ಅದರೀ ಸರ್. ಅದರ ಕತಿ ಏನು?”

ಮಗಳು ಉತ್ತರ ಕೊಡಲಿಲ್ಲ. ನೋಟ್‌ಬುಕ್ಕಿನ ನಡುವಿನ ಒಂದು ಪುಟ ತೆರೆದು ನನ್ನ ಮುಂದೆ ಇಟ್ಟಳು. ಮೇಲೆ ದಪ್ಪಕ್ಷರದಲ್ಲಿ ‘ಒಬ್ಬ ಲೇಖಕಿಯ ಒಂದು ವರ್ಷ: 2024’ ಎಂದು ಬರೆದಿತ್ತು. ಕೆಳಗೆ ಲಾವಣ್ಯ ಲಕ್ಷ್ಮಿನಾರಾಯಣ್ ಎಂಬ ಹೆಸರು. ಆ ಹೆಸರಿನ ಕೆಳಗೆ ಎರಡು ಸಾಲು. ಅವರ ‘ದಿ ಟೆನ್ ಪರ್ಸೆಂಟ್ ಥೀಫ್’ ಕಾದಂಬರಿ ಬ್ರಿಟನ್ನಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಕೊನೆಯ ಆರು ಪುಸ್ತಕಗಳ ಪಟ್ಟಿಗೆ ಬಂದದ್ದು ಒಂದು. ‘ಇಂಟರ್‌ಸ್ಟೆಲ್ಲರ್ ಮೆಗಾಶೆಫ್’ ಎಂಬ ಹೊಸ ಕಾದಂಬರಿ ಅದೇ ವರ್ಷ ಹೊರಬಂದದ್ದು ಇನ್ನೊಂದು.

“ನೋಡಿ ಸರ್, ಒಂದೇ ವರ್ಷದಾಗ!” ಎಂದಳು ಹುಡುಗಿ. “ಕಥೆ ನಡೆಯೋದು ನಮ್ಮ ಬೆಂಗಳೂರಿನಾಗ. ಇನ್ನೂ ಬಾರದ ಬೆಂಗಳೂರು.”

ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬುದ್ಧಿ ಹೇಳುತ್ತೇನೆಂಬ ಭರವಸೆಯಿಂದಲೇ ಅವರು ಬಂದಿದ್ದರು. ಅದರಲ್ಲಿ ಅವರ ತಪ್ಪಿಲ್ಲ. ಹಳಿಯಾಳ, ಜೋಯಿಡಾ, ಮುಂಡಗೋಡ, ದಾಂಡೇಲಿ, ಹೀಗೆ ವರ್ಗವಾದಲ್ಲೆಲ್ಲ ನಾನು ಗಳಿಸಿದ ಹೆಸರು ಅದೇ. “ಆ ವಿಜ್ಞಾನದ ಮೇಷ್ಟ್ರ ಹತ್ತಿರ ಕಳಿಸಿ, ಹುಡುಗ ದಾರಿಗೆ ಬರ್ತಾನೆ” ಎಂದು ಪಾಲಕರು ಮಾತಾಡಿಕೊಳ್ಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ಆಗ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಆ ಭಾನುವಾರ ನಾನು ಬುದ್ಧಿ ಹೇಳಲಿಲ್ಲ. ಒಂದು ಪೆನ್ಸಿಲ್ ತರಿಸಿಕೊಂಡು ಹುಡುಗಿಯ ಪಟ್ಟಿಯ ಪಕ್ಕದಲ್ಲಿ ಇಸವಿಗಳನ್ನು ಬರೆಯತೊಡಗಿದೆ.

‘ಒಂದೇ ವರ್ಷ’ ಎಂದು ನಮಗೆ ಕಾಣುವುದನ್ನು ಬಿಚ್ಚಿ ನೋಡಬೇಕು. ಲಾವಣ್ಯ ಅವರ ಆ ಪುಸ್ತಕ ಮೊದಲು ಅಚ್ಚಾದದ್ದು ಭಾರತದಲ್ಲಿ, 2020ರಲ್ಲಿ. ಆಗ ಅದರ ಹೆಸರೇ ಬೇರೆ, ‘ಅನಲಾಗ್/ವರ್ಚುವಲ್’. ಅದು ಹೊಸ ಹೆಸರು ಹೊತ್ತು ಬ್ರಿಟನ್, ಅಮೆರಿಕಗಳ ಓದುಗರ ಕೈಗೆ ಹೋದದ್ದು 2023ರಲ್ಲಿ. ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದದ್ದು 2024ರಲ್ಲಿ. ಅಂದರೆ ಅಚ್ಚಿನ ದಿನದಿಂದ ಎಣಿಸಿದರೂ ನಾಲ್ಕು ವರ್ಷ. ಬರೆಯಲು ಹಿಡಿದ ಕಾಲ, ಹರಿದು ಹಾಕಿದ ಪುಟಗಳು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇಷ್ಟಾಗಿ, ಆ ವರ್ಷದ ಕ್ಲಾರ್ಕ್ ಪ್ರಶಸ್ತಿ ಅವರಿಗೆ ಬರಲಿಲ್ಲ. ಅದು ಹೋದದ್ದು ಮಾರ್ಟಿನ್ ಮ್ಯಾಕ್‌ಇನ್ಸ್ ಎಂಬವರ ‘ಇನ್ ಅಸೆನ್ಷನ್’ ಕಾದಂಬರಿಗೆ.

“ಹಂಗಾದ್ರ ಬಹುಮಾನ ಬಂದಿಲ್ಲೇನು?” ಎಂದರು ತಾಯಿ, ತಮ್ಮ ಪಕ್ಷಕ್ಕೆ ಒಂದು ಮತ ಸಿಕ್ಕಿತೆಂಬಂತೆ.

“ಇಲ್ಲ,” ಎಂದೆ. “ಬಂದಿದ್ದರೂ ಆ ಬಹುಮಾನದ ಮೊತ್ತ ಆ ವರ್ಷದ ಅಂಕಿಯಷ್ಟೇ. 2024ರಲ್ಲಿ 2,024 ಪೌಂಡು. ನಮ್ಮ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿಯ ಮೇಲೆ ಸ್ವಲ್ಪ.”

ಅವರು ನಕ್ಕರು. ಎಂಜಿನಿಯರಿಂಗ್ ಕಾಲೇಜಿನ ಫೀಸು ಕಟ್ಟುವವರಿಗೆ ಎರಡು ಲಕ್ಷ ಎಷ್ಟೆಂದು ಹೇಳಿಕೊಡಬೇಕಾಗಿಲ್ಲ.

ಈ ಕಾದಂಬರಿಯೊಳಗೆ ಏನಿದೆ ಎಂಬುದು ಪಾಲಕರಿಗೂ ಮಕ್ಕಳಿಗೂ ತಿಳಿದಿರಲಿ. ಮುಂದೆಂದೋ ಒಂದು ಕಾಲದ ಬೆಂಗಳೂರನ್ನು ಒಂದು ಕಂಪನಿ ಆಳುತ್ತಿದೆ. ಊರಿನ ಹೆಸರು ಬದಲಾಗಿ ಎಪೆಕ್ಸ್ ಸಿಟಿ ಎಂದಾಗಿದೆ. ಪ್ರತಿಯೊಬ್ಬ ನಾಗರಿಕನಿಗೂ ದಿನದಿನವೂ ಅಂಕ. ಎಷ್ಟು ದುಡಿದೆ, ಹೇಗೆ ನಡೆದುಕೊಂಡೆ ಎಂಬುದರ ಮೇಲೆ ಜನರನ್ನು ಗಂಟೆಯಾಕಾರದ ಒಂದು ರೇಖೆಯ ಮೇಲೆ ಕೂರಿಸುತ್ತಾರೆ. ಮೇಲಿನ ನೂರಕ್ಕೆ ಇಪ್ಪತ್ತು ಮಂದಿಗೆ ಸಕಲ ಸೌಕರ್ಯ, ನಡುವಿನ ಎಪ್ಪತ್ತು ಮಂದಿಗೆ ಮೇಲೇರುವ ಆಸೆ ಮತ್ತು ಜಾರುವ ಭಯ, ಕೆಳಗಿನ ಹತ್ತು ಮಂದಿಗೆ ಊರಿನಿಂದಲೇ ಹೊರದಬ್ಬಿಸಿಕೊಳ್ಳುವ ಪಾಡು. ಅಲ್ಲಿ ವಿದ್ಯುತ್ತೂ ಇಲ್ಲ, ಯಂತ್ರವೂ ಇಲ್ಲ.

ಇದನ್ನು ಹುಡುಗಿ ಬಾಯಲ್ಲಿ ಕೇಳುತ್ತಿದ್ದಾಗ ನನಗೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನೆನಪಾಯಿತು. ನೋಟಿಸ್ ಬೋರ್ಡಿನ ಮುಂದೆ ನಿಂತ ಮುಖಗಳು, ಪಕ್ಕದ ಮನೆಯ ಹುಡುಗನ ಅಂಕ ಮೊದಲು ಕೇಳಿ ಆಮೇಲೆ ಸ್ವಂತ ಮಗನ ಅಂಕ ಕೇಳುವ ತಂದೆಯಂದಿರು, ಎಲ್ಲವೂ. ಇನ್ನೊಂದು ಮಾತೂ ಹೊಳೆಯಿತು. ಮನುಷ್ಯರನ್ನು ಅಂಕದಿಂದ ಸಾಲು ಹಚ್ಚುವುದನ್ನೇ ಪ್ರಶ್ನಿಸುವ ಪುಸ್ತಕ ಅದು. ನಾವು ಅದನ್ನೂ ಪ್ರಶಸ್ತಿ ಬಂತೋ ಇಲ್ಲವೋ ಎಂಬ ಒಂದೇ ಕಡ್ಡಿಯಿಂದ ಅಳೆಯುತ್ತ ಅಂಗಳದಲ್ಲಿ ಕುಳಿತಿದ್ದೆವು! ಹುಡುಗಿಗೆ ಇದನ್ನು ಹೇಳಿದೆ. ಅವಳು ತನ್ನ ಪಟ್ಟಿಯನ್ನೊಮ್ಮೆ ನೋಡಿ ಸುಮ್ಮನಾದಳು.

ಆಗ ನನಗೆ ನನ್ನ ಹಳೆಯ ತಪ್ಪೊಂದನ್ನು ಹೇಳಿಬಿಡಬೇಕೆನಿಸಿತು. ಅದನ್ನೇ ಇಲ್ಲಿಯೂ ಹೇಳುತ್ತಿದ್ದೇನೆ.

1993. ನಾನು ಜೋಯಿಡಾ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹೊಸ ಓದುಗರಿಗಾಗಿ ಒಂದು ಮಾತು. ಆ ತಾಲೂಕಿಗೆ ಮೊದಲು ಸೂಪಾ ಎಂಬ ಹೆಸರಿತ್ತು. ಸೂಪಾ ಎಂಬ ಊರೂ ಇತ್ತು. ಗಣೇಶಗುಡಿಯ ಹತ್ತಿರ ಕಾಳಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, 1980ರ ದಶಕದಲ್ಲಿ ನೀರು ನಿಂತಿತು. ಊರು ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು, ಮನೆ ಕಳೆದುಕೊಂಡವರಲ್ಲಿ ಬಹಳ ಮಂದಿ ರಾಮನಗರದಲ್ಲಿ ನೆಲೆಯಾದರು. ಅಂಥ ಒಂದು ಮನೆಯ ಹುಡುಗ ಹತ್ತನೆಯ ತರಗತಿಯಲ್ಲಿದ್ದ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಮೂರೂ ಕೂಡಿಸಿ ಬರೆಯುತ್ತಿದ್ದ. ಅವನ ತಂದೆ ಆ ವಾರವಷ್ಟೇ ಬಂದು, “ಹುಡುಗ ಫೇಲಾದ್ರೆ ನಮ್ಮ ಗತಿ ಏನು ಸರ್, ನಾಲ್ಕು ಬಾರಿಸಿಯಾದರೂ ಓದಿಸಿ” ಎಂದು ಕೈಮುಗಿದು ಹೋಗಿದ್ದರು.

ರಸಾಯನಶಾಸ್ತ್ರದ ಪಾಠ ನಡೆದಿತ್ತು. ಹುಡುಗ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಬರೆಯುತ್ತಿದ್ದ. ಹೋಗಿ ನೋಡಿದರೆ ಸಮೀಕರಣವಲ್ಲ, ಕಥೆ. ನೋಟ್‌ಬುಕ್ ಕಸಿದುಕೊಂಡೆ. “ಪರೀಕ್ಷೆ ಮುಗಿಯಲಿ, ಆಮೇಲೆ ಕೊಡ್ತೇನೆ” ಎಂದೆ. ಅವನು ಏನೂ ಹೇಳಲಿಲ್ಲ.

ಆ ರಾತ್ರಿ ಕರೆಂಟು ಇರಲಿಲ್ಲ. ಅಷ್ಟು ವಿದ್ಯುತ್ತು ಹುಟ್ಟುವ ತಾಲೂಕಿನಲ್ಲಿ ಆಗ ಅದೇನೂ ಅಪರೂಪವಲ್ಲ. ಕಂದೀಲಿನ ಬೆಳಕಿನಲ್ಲಿ ಆ ಕಥೆ ಓದಿದೆ. ಮುಳುಗಿದ ಊರಿನಲ್ಲಿ ಜನ ಇನ್ನೂ ಬದುಕಿದ್ದಾರೆ. ಅಂಚೆ ಕಚೇರಿಯೂ ನಡೆಯುತ್ತಿದೆ. ನೀರಿನಡಿಯಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಸೈಕಲ್ ಏರಿ ಮನೆಮನೆಗೆ ಕಾಗದ ಹಂಚುತ್ತಾನೆ. ಮೇಲಿನವರು ಬರೆದ ಕಾಗದಗಳು ಕೆಳಗೆ ತಲುಪುವಷ್ಟರಲ್ಲಿ ಶಾಯಿ ಕರಗಿ ಬಿಳಿ ಹಾಳೆಗಳಾಗಿರುತ್ತವೆ. ಆದರೂ ಕೆಳಗಿನವರು ಅವನ್ನು ಬಿಡಿಸಿ, ದೀಪದ ಮುಂದೆ ಹಿಡಿದು ನೋಡಿ, ಉತ್ತರ ಬರೆಯುತ್ತಾರೆ. ಆ ಉತ್ತರಗಳೂ ಮೇಲೆ ಬರುವಾಗ ಬಿಳಿ ಹಾಳೆಗಳೇ. ಹನ್ನೊಂದು ಪುಟ. ಎರಡು ಸಲ ಓದಿದೆ.

ಕೆಂಪು ಪೆನ್ನಿನಿಂದ ಅಂಚಿನಲ್ಲಿ ಒಂದೇ ಸಾಲು ಬರೆದೆ: ‘ನೂರು ಮೀಟರ್ ಆಳದಲ್ಲಿ ನೀರಿನ ಒತ್ತಡ ಎಷ್ಟು? ಲೆಕ್ಕ ಹಾಕು.’ ಹತ್ತು ಮೀಟರ್ ನೀರಿಗೆ ಒಂದು ವಾಯುಮಂಡಲದಷ್ಟು ಒತ್ತಡ. ಮೇಲಿನ ಗಾಳಿಯದೂ ಸೇರಿದರೆ ನೂರು ಮೀಟರಿಗೆ ಸುಮಾರು ಹನ್ನೊಂದು ಪಟ್ಟು. ಆ ಒತ್ತಡದಲ್ಲಿ ಸೈಕಲ್ ಟೈರು ಏನಾಗುತ್ತದೆಂಬುದು ನನ್ನ ಚಿಂತೆ! ಕಥೆ ಚೆನ್ನಾಗಿದೆ ಎಂದು ಬರೆಯಲಿಲ್ಲ. ಮರುದಿನ ಶಾಲೆಯಲ್ಲಿ ಹೇಳಲೂ ಇಲ್ಲ. ಹೇಳಿದರೆ ಹುಡುಗ ಓದು ಬಿಟ್ಟು ಅದನ್ನೇ ಹಿಡಿದಾನೆಂಬ ಹೆದರಿಕೆ. ನೋಟ್‌ಬುಕ್ ಕಪಾಟಿಗೆ ಸೇರಿತು. ಪರೀಕ್ಷೆ ಮುಗಿಯುವಷ್ಟರಲ್ಲಿ ನನಗೆ ಮುಂಡಗೋಡಕ್ಕೆ ವರ್ಗವಾಯಿತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ರದ್ದಿಯ ಜೊತೆಗೆ ಅದೂ ಹೋಯಿತು. ಹುಡುಗ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದನೆಂದು ತಿಳಿಯಿತು. ನನ್ನ ಉಪಾಯ ಫಲಿಸಿತೆಂದೇ ಅಂದುಕೊಂಡೆ.

ಮುಂಡಗೋಡಕ್ಕೆ ಹೋದ ಮೇಲೆ ನನ್ನ ವಿಜ್ಞಾನಕ್ಕೆ ಸ್ವಲ್ಪ ಪೆಟ್ಟು ಬಿತ್ತು. ರಜೆಯ ದಿನ ಸೈಕಲ್ ಹತ್ತಿ ಟಿಬೆಟಿಯನ್ ಕಾಲನಿಯ ಕಡೆ ಹೋಗುತ್ತಿದ್ದೆ. 1966ರಲ್ಲಿ ನಿರಾಶ್ರಿತರು ಬಂದು ಇಳಿದಾಗ ಅದು ಕಾಡು. ಲ್ಹಾಸಾದ ಬಳಿ ಹದಿನೈದನೆಯ ಶತಮಾನದಲ್ಲಿ ಹುಟ್ಟಿದ ಗಾದೆನ್, ಡ್ರೆಪುಂಗ್ ಎಂಬ ಮಹಾಮಠಗಳು ಅಲ್ಲಿ ಮತ್ತೆ ಎದ್ದು ನಿಂತಿವೆ. ಅಂಗಳದಲ್ಲಿ ಎಳೆಯ ಸನ್ಯಾಸಿಗಳು ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ ತರ್ಕ ಮಾಡುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ನನಗೆ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಆದರೆ 1950ರಲ್ಲಿ ಯಾರಾದರೂ, ಮುಂಡಗೋಡದ ಕಾಡಿನಲ್ಲಿ ಹಿಮಾಲಯದಾಚೆಯ ಸನ್ಯಾಸಿಗಳು ಸಾವಿರಗಟ್ಟಲೆ ಬಂದು ವಿದ್ಯಾಪೀಠ ಕಟ್ಟುತ್ತಾರೆ ಎಂದು ಕಥೆ ಬರೆದಿದ್ದರೆ, ಅದನ್ನೂ ನಾನು ಒತ್ತಡದ ಲೆಕ್ಕ ಕೇಳಿ ಕಪಾಟಿಗೆ ಹಾಕುತ್ತಿದ್ದೆನಲ್ಲವೇ ಎಂದು ಅಲ್ಲಿ ನಿಂತಾಗ ಅನಿಸುತ್ತಿತ್ತು.

ಹೀಗೆ ನೋಡಿದರೆ ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ‘ಹೀಗಾದರೆ?’ ಎಂಬ ಪ್ರಶ್ನೆಗೆ ಬರವಿಲ್ಲ. ಒಂದು ಊರೇ ನೀರಿನಡಿಗೆ ಹೋದರೆ? ಹೋಗಿದೆ. ಕಾಡಿನ ಬಿದಿರೆಲ್ಲ ಕಾಗದವಾದರೆ? ದಾಂಡೇಲಿ ಎಂಬ ಪಟ್ಟಣ ಬೆಳೆದದ್ದೇ ಹಾಗೆ. ಆಫ್ರಿಕಾದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ಹಳಿಯಾಳದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಮಾತಾಡಿದರೆ? ನನ್ನ ತರಗತಿಗಳಲ್ಲಿ ಸಿದ್ದಿ ಮಕ್ಕಳು ಕುಳಿತು ಪಾಠ ಕೇಳಿದ್ದಾರೆ. ಬೇರೆ ಊರಿನವರು ಊಹಿಸಿ ಬರೆಯಬೇಕಾದದ್ದು ಇಲ್ಲಿಯವರ ಮನೆಯ ಸುದ್ದಿ.

ಮುಂಡಗೋಡದಲ್ಲಿದ್ದಾಗಲೇ ನಾನು ಆರ್ಥರ್ ಕ್ಲಾರ್ಕ್ ಅವರ ಒಂದು ಸಣ್ಣಕಥೆ ಓದಿದೆ. ‘ದಿ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್’ ಎಂದು ಹೆಸರು. ಟಿಬೆಟ್ಟಿನ ಒಂದು ಮಠದವರು ದೇವರ ಹೆಸರುಗಳನ್ನೆಲ್ಲ ಬರೆದು ಮುಗಿಸಲು ಒಂದು ಕಂಪ್ಯೂಟರು ತರಿಸುತ್ತಾರೆ. ಅದನ್ನು ನಡೆಸಲು ಇಬ್ಬರು ಎಂಜಿನಿಯರುಗಳು ಬರುತ್ತಾರೆ. ಮುಂದಿನದನ್ನು ನೀವೇ ಓದಿಕೊಳ್ಳಿ, ಕೊನೆ ಹೇಳಿದರೆ ರುಚಿ ಕೆಡುತ್ತದೆ. ಅದು ಅಚ್ಚಾದದ್ದು 1953ರಲ್ಲಿ. ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಮರುವರ್ಷ ಯಾರಿಗೂ ಕೊಡದೆ ತಪ್ಪಿಹೋಗಿತ್ತು. ಹಾಗೆ ತಪ್ಪಿದ ವರ್ಷದ ಲೆಕ್ಕ ತೀರಿಸಲು 2004ರಲ್ಲಿ ಮತ ಹಾಕಿದಾಗ ಸಣ್ಣಕಥೆಯ ಪ್ರಶಸ್ತಿ ಬಂದದ್ದು ಇದಕ್ಕೆ. ಐವತ್ತೊಂದು ವರ್ಷದ ನಂತರ! ಅದೃಷ್ಟಕ್ಕೆ ಕ್ಲಾರ್ಕ್ ಆಗ ಶ್ರೀಲಂಕಾದಲ್ಲಿ ಇನ್ನೂ ಬದುಕಿದ್ದರು. ಇನ್ನೂ ಒಂದು ಮಾತು. ಮುಂಡಗೋಡದ ಡ್ರೆಪುಂಗ್ ಲೋಸೆಲಿಂಗ್ ಮಠದಲ್ಲಿ 2017ರಲ್ಲಿ ಧ್ಯಾನ ಮತ್ತು ವಿಜ್ಞಾನದ ಕೇಂದ್ರವೊಂದು ತೆರೆಯಿತು. ಕ್ಲಾರ್ಕ್ ಕಥೆಯ ಸನ್ಯಾಸಿಗಳು ಎಂಜಿನಿಯರುಗಳನ್ನು ಹೊರಗಿನಿಂದ ಕರೆಸಬೇಕಾಯಿತು. ಇಲ್ಲಿಯ ಸನ್ಯಾಸಿಗಳು ತಾವೇ ವಿಜ್ಞಾನ ಕಲಿಯುತ್ತಿದ್ದಾರೆ.

ಎಲ್ಲರಿಗೂ ಕ್ಲಾರ್ಕ್ ಅವರಷ್ಟು ಆಯುಸ್ಸು ಸಿಗುವುದಿಲ್ಲ. ಹಳಿಯಾಳದಲ್ಲಿ 1929ರಲ್ಲಿ ಹುಟ್ಟಿದ ಶಾಂತಿನಾಥ ದೇಸಾಯಿಯವರ ‘ಓಂ ಣಮೋ’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2000ದಲ್ಲಿ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ವಿಜ್ಞಾನ ಕಥೆ ಬರೆದವರಲ್ಲ, ನಿಜ. ಆದರೆ ಲೇಖಕನ ‘ಪ್ರಶಸ್ತಿಯ ವರ್ಷ’ ಎಂಬುದು ಅವನ ಬದುಕಿನ ಒಳಗೇ ಬೀಳಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ನಮ್ಮ ಊರಿನವರೇ ಸಾಕ್ಷಿ.

ಹುಡುಗಿಯ ತಾಯಿ ಇಷ್ಟನ್ನೂ ತಾಳ್ಮೆಯಿಂದ ಕೇಳಿ ಕೊನೆಗೆ ಕೇಳಬೇಕಾದದ್ದನ್ನೇ ಕೇಳಿದರು: “ಹೊಟ್ಟಿಗೆ ಏನು ಮಾಡೂದು ಸರ್?”

ಈ ಪ್ರಶ್ನೆಯನ್ನು ತಳ್ಳಿಹಾಕುವವರು ಹೊಟ್ಟೆ ತುಂಬಿದವರು. ನಾನು ತಳ್ಳಿಹಾಕುವುದಿಲ್ಲ. ಉತ್ತರವಾಗಿ ಕೆಲವರ ಉದಾಹರಣೆ ಕೊಟ್ಟೆ. ಚೀನಾದ ಲಿಯು ಸಿಷಿನ್ ಶಾನ್‌ಷಿ ಪ್ರಾಂತದ ಒಂದು ವಿದ್ಯುತ್ ಸ್ಥಾವರದಲ್ಲಿ ಕಂಪ್ಯೂಟರ್ ಎಂಜಿನಿಯರಾಗಿದ್ದವರು. ನಮ್ಮ ಅಂಬಿಕಾನಗರದ ಹಾಗೆ ದೊಡ್ಡ ನಗರಗಳಿಂದ ದೂರದ ಜಾಗ. ಕೆಲಸ ಮಾಡುತ್ತಲೇ ಬರೆದರು. ಮೊದಲ ಕಥೆ ಅಚ್ಚಾದದ್ದು 1999ರಲ್ಲಿ. ‘ಮೂರು ಕಾಯಗಳ ಸಮಸ್ಯೆ’ ಎಂದು ಕನ್ನಡದಲ್ಲಿ ಹೇಳಬಹುದಾದ ಅವರ ಕಾದಂಬರಿ 2006ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು, 2008ರಲ್ಲಿ ಪುಸ್ತಕವಾಯಿತು, 2014ರಲ್ಲಿ ಇಂಗ್ಲಿಷಿಗೆ ಹೋಯಿತು, 2015ರಲ್ಲಿ ಹ್ಯೂಗೊ ಪಡೆಯಿತು. ಅನುವಾದಗೊಂಡ ಕಾದಂಬರಿಯೊಂದು ಆ ಪ್ರಶಸ್ತಿ ಪಡೆದದ್ದು ಅದೇ ಮೊದಲು. ಇಲ್ಲೊಂದು ಸ್ವಾರಸ್ಯವಿದೆ. ಅಂತಿಮ ಐದರ ಪಟ್ಟಿಯಲ್ಲಿ ಮೊದಲು ಆ ಪುಸ್ತಕ ಇರಲೇ ಇಲ್ಲ! ಪಟ್ಟಿಯಲ್ಲಿದ್ದ ಮಾರ್ಕೊ ಕ್ಲೂಸ್ ಎಂಬ ಲೇಖಕ, ತನಗೆ ಮತ ಬಂದ ಬಗೆ ಸರಿಯಾದುದಲ್ಲವೆಂದು ತನ್ನ ಕಾದಂಬರಿಯನ್ನು ಹಿಂತೆಗೆದುಕೊಂಡ. ತೆರವಾದ ಜಾಗಕ್ಕೆ ಬಂದದ್ದು ಲಿಯು ಅವರ ಪುಸ್ತಕ. ಒಬ್ಬನ ಪ್ರಾಮಾಣಿಕತೆ ಇನ್ನೊಬ್ಬನ ಭಾಗ್ಯವಾಯಿತು. ಮಾರ್ಕ್ಸ್ ಕಾರ್ಡಿನಲ್ಲಿ ಹೀಗಾಗುವುದಿಲ್ಲ. ಪ್ರಶಸ್ತಿ ಮಾರ್ಕ್ಸ್ ಕಾರ್ಡಲ್ಲ.

ನಮ್ಮ ಜಿಲ್ಲೆಯ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕಂಪನಿಯ ಕೆಲಸ ಮಾಡುತ್ತ ಬರೆದವರು. ಹಾರುವ ಓತಿಯ ಬೆನ್ನು ಹತ್ತಿ ‘ಕರ್ವಾಲೊ’ ಬರೆದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ತೋಟ ನೋಡಿಕೊಂಡಿದ್ದರು. ಅವರ ‘ಚಿದಂಬರ ರಹಸ್ಯ’ 1985ರಲ್ಲಿ ಬಂದು 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಆ ಓತಿ ನಮ್ಮ ಕಾಳಿ ಕಣಿವೆಯ ಮರಗಳಲ್ಲಿಯೂ ಇದೆ ಎಂಬುದನ್ನು ಮಕ್ಕಳು ಮರೆಯಬಾರದು. ಪಕ್ಕದ ಧಾರವಾಡದಲ್ಲಿ ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ವರ್ಷಗಟ್ಟಲೆ ಬರೆದರು. ಲಾವಣ್ಯ ಅವರೂ ಕಂಪ್ಯೂಟರ್ ಆಟಗಳನ್ನು ವಿನ್ಯಾಸ ಮಾಡುವ ಕಸುಬಿನವರು. ಕೆಲಸವನ್ನೂ ಬಿಡಬೇಡ, ನೋಟ್‌ಬುಕ್ಕನ್ನೂ ಬಿಡಬೇಡ ಎಂದು ಇವರೆಲ್ಲರ ಬದುಕು ಹೇಳುತ್ತದೆ.

ಜಯಂತ ನಾರ್ಳೀಕರ್ ಅವರ ಸಂಗತಿಯನ್ನು ಹುಡುಗಿಗೆಂದೇ ಹೇಳಿದೆ. ಕೊಲ್ಹಾಪುರದಲ್ಲಿ ಹುಟ್ಟಿದ ಈ ಖಗೋಳ ವಿಜ್ಞಾನಿಗೆ 1965ರಲ್ಲಿಯೇ, ಇನ್ನೂ ಇಪ್ಪತ್ತಾರರ ವಯಸ್ಸಿನಲ್ಲಿ, ಪದ್ಮಭೂಷಣ ಬಂದಿತ್ತು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನ ಕಥೆಗಳ ಸ್ಪರ್ಧೆ ಏರ್ಪಡಿಸಿದಾಗ ಅವರು ಕಪ್ಪು ಕುಳಿಯ ಬಗ್ಗೆ ‘ಕೃಷ್ಣವಿವರ’ ಎಂಬ ಕಥೆ ಬರೆದರು. ತನ್ನ ಹೆಸರು ನೋಡಿ ಬಹುಮಾನ ಕೊಡಬಾರದೆಂದು, ಹೆಸರಿನ ಮೊದಲಕ್ಷರಗಳನ್ನು ತಿರುವಿ ‘ನಾರಾಯಣ ವಿನಾಯಕ ಜಗತಾಪ’ ಎಂಬ ಹೆಸರಿಟ್ಟುಕೊಂಡರು. ಅಕ್ಷರದ ಗುರುತೂ ಸಿಗದಿರಲೆಂದು ಪತ್ನಿ ಮಂಗಲಾ ಅವರಿಂದ ಪ್ರತಿ ಮಾಡಿಸಿ ಕಳಿಸಿದರು. ಮೊದಲ ಬಹುಮಾನ ಬಂತು. ಅಷ್ಟು ದೊಡ್ಡವರಿಗೂ ತಿಳಿಯಬೇಕಾಗಿದ್ದುದು ಒಂದೇ: ಯಾರೋ ಗುರುತಿಲ್ಲದವರು ಓದಿ ‘ಇದು ಚೆನ್ನಾಗಿದೆ’ ಎನ್ನುತ್ತಾರೋ ಇಲ್ಲವೋ?

ನನ್ನ ಜೋಯಿಡಾದ ಹುಡುಗನಿಗೂ ಬೇಕಾಗಿದ್ದುದು ಅಷ್ಟೇ. ಕೊಡಬಲ್ಲವನು ಆಗ ಜಗತ್ತಿನಲ್ಲಿ ನಾನೊಬ್ಬನೇ ಇದ್ದೆ. ಕೊಡಲಿಲ್ಲ.

ಅವನು ಮತ್ತೆ ಸಿಕ್ಕಿದ್ದು 2018ರಲ್ಲಿ, ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು, ಹೆಗಲ ಮೇಲೆ ಸಲಕರಣೆಯ ಚೀಲ. ಐಟಿಐ ಓದಿ ಎಲೆಕ್ಟ್ರಿಷಿಯನ್ ಆಗಿದ್ದ. ಅವನೇ ಗುರುತು ಹಿಡಿದು ಕಾಲಿಗೆ ನಮಸ್ಕರಿಸಿದ. ಚಹಾ ಕುಡಿಯುವಾಗ ನಾನು ನೋಟ್‌ಬುಕ್ಕಿನ ವಿಷಯ ತೆಗೆದೆ. ಕಳೆದುಹೋಯಿತು, ನನ್ನ ತಪ್ಪು ಎಂದೆ.

“ಅದನ್ನ ಓದಿದ್ರೇನ್ರೀ ಸರ್?” ಎಂದ.

“ಅವತ್ತೇ ರಾತ್ರಿ. ಎರಡು ಸಲ. ಚೆನ್ನಾಗಿತ್ತು.”

ಅವನು ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತ ಕುಳಿತ. “ಅದರ ಕೊನೆ ಹೆಂಗಿತ್ರೀ? ನನಗ ನೆನಪಿಲ್ಲ.”

ನನಗೆ ನೆನಪಿತ್ತು, ಹೇಳಿದೆ. ಕೆಳಗಿನಿಂದ ಬಂದ ಬಿಳಿ ಹಾಳೆಯನ್ನು ಹುಡುಗ ಒಲೆಯ ಮೇಲೆ ಒಣಗಿಸಿ ಅಜ್ಜಿಗೆ ಕೊಡುತ್ತಾನೆ. ಅಜ್ಜಿಗೆ ಓದಲು ಬರುವುದಿಲ್ಲ. ಹಾಳೆಯನ್ನು ಮೂಸಿ ನೋಡಿ, ಇದು ಯಾರ ಮನೆಯಿಂದ ಬಂದದ್ದೆಂದು ಹೆಸರು ಹಿಡಿದು ಹೇಳುತ್ತಾಳೆ. ಹುಡುಗ ಮೊದಲ ಸಲ ತನಗೂ ಒಂದು ಕಾಗದ ಬರೆಯಬೇಕೆಂದುಕೊಳ್ಳುತ್ತಾನೆ. ಅಷ್ಟೇ.

ಅವನು ಯಾರದೋ ಕಥೆ ಕೇಳುವವನಂತೆ ಕೇಳಿದ. ಬಸ್ಸು ಬಂತು. “ನಮ್ಮ ಅಜ್ಜಿ ಇದ್ದಿದ್ರ ಖುಷಿಯಾಗ್ತಿತ್ರೀ,” ಎಂದು ಹತ್ತಿ ಹೋದ. ಅವನು ಬರೆಯುವುದನ್ನು ಮುಂದುವರಿಸಿದ್ದರೆ ದೊಡ್ಡ ಲೇಖಕನಾಗುತ್ತಿದ್ದ ಎಂದು ನಾನು ಹೇಳಲಾರೆ. ಆಗದೆಯೂ ಇರಬಹುದಿತ್ತು. ಆದರೆ ತನ್ನ ಕಥೆಯ ಕೊನೆಯನ್ನು ತನ್ನ ಮೇಷ್ಟ್ರನ್ನು ಕೇಳಿ ತಿಳಿಯಬೇಕಾದ ಸ್ಥಿತಿ ಅವನಿಗೆ ಬರಬಾರದಿತ್ತು.

ಇದನ್ನು ಕೇಳಿ ತಾಯಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹಂಗಾದ್ರ ಬರೀಲಿ ಬಿಡ್ರಿ. ಆದ್ರ ಹನ್ನೊಂದಕ್ಕ ಮಲಗಬೇಕು,” ಎಂದರು. ನನಗೆ ಅದು ನ್ಯಾಯವಾದ ತೀರ್ಪೆಂದೇ ತೋರಿತು. ಹುಡುಗಿ ಹನ್ನೆರಡಕ್ಕೆ ಒಪ್ಪಿಸಿದಳು.

ಹೋಗುವ ಮುನ್ನ ಅವಳ ಪಟ್ಟಿಯ ಕೆಳಗೆ ನಾನೇ ಗೆರೆ ಹಾಕಿ ಮೂರು ಅಂಕಣ ಮಾಡಿಕೊಟ್ಟೆ: ‘ಬರೆದದ್ದು’, ‘ಕಳಿಸಿದ್ದು’, ‘ಮರಳಿ ಬಂದದ್ದು’. ಅಚ್ಚಾದದ್ದಕ್ಕೂ ಬಹುಮಾನಕ್ಕೂ ಬೇರೆ ಅಂಕಣ ಬೇಡ, ಅವು ಬಂದರೆ ಊರಿಗೇ ತಿಳಿಯುತ್ತವೆ. ಈ ಮೂರು ನಿನಗೆ ಮಾತ್ರ ಗೊತ್ತಿರುವ ಸಂಗತಿ, ಬರೆದಿಟ್ಟುಕೋ ಎಂದೆ. ಕಳಿಸುವ ಪ್ರತಿಯೊಂದರದೂ ಇನ್ನೊಂದು ಪ್ರತಿ ಇಟ್ಟುಕೊಂಡಿರು, ಯಾವ ಮೇಷ್ಟ್ರನ್ನೂ ನಂಬಬೇಡ ಎಂದೂ ಹೇಳಿದೆ. ನಕ್ಕಳು.

ಇದಾದ ಐದು ತಿಂಗಳಿಗೆ, 2025ರ ಮೇ 20ರಂದು, ನಾರ್ಳೀಕರ್ ಪುಣೆಯಲ್ಲಿ ತೀರಿಕೊಂಡರು. ಅದೇ ರಾತ್ರಿ ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಘೋಷಣೆಯಾಯಿತು, ಅನುವಾದಿಸಿದ ದೀಪಾ ಭಾಸ್ತಿಯವರಿಗೂ ಅದರಲ್ಲಿ ಸಮಪಾಲು. ಅದರೊಳಗಿನ ಕನ್ನಡ ಕಥೆಗಳು 1990ರಿಂದ 2023ರವರೆಗೆ ಬರೆದವು. ಮರುದಿನ ಬೆಳಿಗ್ಗೆಯೇ ಹುಡುಗಿಯ ಫೋನು ಬಂತು. “ಸರ್, ಲೆಕ್ಕ ಹಾಕಿದೆ. ಮೂವತ್ಮೂರು ವರ್ಷ,” ಎಂದಳು. ಬಹುಮಾನದ ಮೊತ್ತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವಳು ಅಂದು ಬಿಟ್ಟುಹೋದ ಕಥೆಯನ್ನು ಎರಡು ದಿನದಲ್ಲಿ ಓದಿ ಮರಳಿಸಿದ್ದೆ. ವಿಜ್ಞಾನದಲ್ಲಿ ಎರಡು ತಪ್ಪಿದ್ದವು, ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಆದರೆ ಅದಕ್ಕೆ ಮೊದಲು, ಮೊದಲ ಪುಟದ ಮೇಲ್ತುದಿಯಲ್ಲಿ ಶಾಯಿಯಲ್ಲಿ ಬರೆದಿದ್ದೆ: ‘ಓದಿದೆ. ಚೆನ್ನಾಗಿದೆ. ಮುಂದಿನದು ಯಾವಾಗ?’